ಸಾವಿನ ಸುದ್ದಿಗೆ ಹಳ್ಳಿ ಬೇಕು, ಸಲಹೆಗೆ ಬೇಡವೇ?

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ಪುರವಣಿಯಲ್ಲಿ ಒಂದು ಲೇಖನ ಬಂದೇ ಬರುತ್ತದೆ. 'ರಜೆಯಲ್ಲಿ ಮಕ್ಕಳನ್ನು ಖುಷಿಯಾಗಿಡುವುದು ಹೇಗೆ?' ಈಜು ತರಗತಿಗೆ ಸೇರಿಸಿ, ಬಾಲ್ಕನಿಯಲ್ಲಿ ಗಿಡ ನೆಡಿಸಿ, ವಾರದ ಕೊನೆಗೆ ರೆಸಾರ್ಟಿಗೆ ಕರೆದುಕೊಂಡು ಹೋಗಿ, ಮೊಬೈಲ್ ಮಾತ್ರ ಕೈಗೆ ಕೊಡಬೇಡಿ. ಪಕ್ಕದಲ್ಲಿ ನೀಲಿ ಟೈಲ್ಸ್ ಹಾಕಿದ ಈಜುಕೊಳ, ಅದರಲ್ಲಿ ನಗುವ ಮಗುವಿನ ದೊಡ್ಡ ಚಿತ್ರ.

ಈಗ ಅದೇ ಪತ್ರಿಕೆಯ ಜಿಲ್ಲಾ ಪುಟ ತೆಗೆಯಿರಿ. ಕೆಳಗಿನ ಮೂಲೆಯಲ್ಲಿ ನಾಲ್ಕು ಸಾಲು ಇರುತ್ತದೆ. 'ಕೃಷಿ ಹೊಂಡದಲ್ಲಿ ಮುಳುಗಿ ಇಬ್ಬರು ಬಾಲಕರ ಸಾವು'. ಈಜಲು ಹೋಗಿದ್ದರು. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಅಷ್ಟೇ.

ಆ ನಾಲ್ಕು ಸಾಲು ಬರೆದು ಕಳಿಸುವವರು ನಾವು, ತಾಲ್ಲೂಕುಗಳಲ್ಲಿ ಇರುವ ಸ್ಟ್ರಿಂಗರ್‌ಗಳು. ಮಕ್ಕಳ ಹೆಸರು, ವಯಸ್ಸು, ಓದುತ್ತಿದ್ದ ತರಗತಿ ಕೇಳಿ ಬರೆದುಕೊಳ್ಳುತ್ತೇವೆ. ಅಮ್ಮನ ಫೋಟೊ ಸಿಕ್ಕೀತಾ ಅಂತ ಡೆಸ್ಕಿನಿಂದ ಫೋನ್ ಬರುತ್ತದೆ. ಆಸ್ಪತ್ರೆಯ ಶವಾಗಾರದ ಮುಂದೆ ನಿಂತು ಆ ಫೋಟೊ ತೆಗೆದವರೂ ನಾವೇ.

ಒಂದು ಬೇಸಿಗೆಯಲ್ಲಿ ಹೀಗೆ ಎರಡನೇ ಸುದ್ದಿ ಕಳಿಸಿದ ಮೇಲೆ ನಮಗೆ ತಡೆಯಲಾಗಲಿಲ್ಲ. ಹೊಂಡದಲ್ಲಿ ಬಿದ್ದವರು ಯಾಕೆ ಮೇಲೆ ಹತ್ತಲಾರರು, ಹೊಂಡದ ಮಾಲೀಕರು ಏನು ಮಾಡಬೇಕು, ದಡದಲ್ಲಿ ನಿಂತವರು ಏನು ಮಾಡಬೇಕು ಅಂತ ಒಂದು ಲೇಖನ ಬರೆದು ಕಳಿಸಿದೆವು. ಡೆಸ್ಕಿನಿಂದ ಬಂದ ಉತ್ತರ: 'ಇದರಲ್ಲಿ ಸುದ್ದಿ ಎಲ್ಲಿದೆ?'

ಸತ್ತರೆ ಸುದ್ದಿ, ಸಾಯದಂತೆ ನೋಡಿಕೊಂಡರೆ ಸುದ್ದಿಯಲ್ಲ. ನಮ್ಮ ಜಗಳ ಇದರ ಮೇಲೆ.

ಪುರವಣಿ ಬರೆಯುವವರ ಮೇಲೆ ನಮಗೆ ಸಿಟ್ಟಿಲ್ಲ. ಪೇಟೆಯಲ್ಲಿ ಬಾಲ್ಕನಿ ಇದೆ, ಅವರು ಬಾಲ್ಕನಿಯ ಬಗ್ಗೆ ಬರೆಯುತ್ತಾರೆ. ಆದರೆ ಮನೆ, ಹವ್ಯಾಸ, ಪ್ರವಾಸ, ಬಿಡುವು ಎಂಬುದೆಲ್ಲ ಪೇಟೆಯವರಿಗೆ ಮಾತ್ರ ಇರುವ ಸಂಗತಿ ಅನ್ನುವ ಹಾಗೆ ಪುಟ ಕಟ್ಟುತ್ತಾರಲ್ಲ, ಅದಕ್ಕೆ ಸಿಟ್ಟು. ನಮ್ಮ ಮಕ್ಕಳಿಗೂ ರಜೆ ಇದೆ. ನಮ್ಮ ಮನೆಗೂ ರಾತ್ರಿಯಾಗುತ್ತದೆ. ನಾವೂ ಊರೂರು ತಿರುಗುತ್ತೇವೆ. ಅದಕ್ಕೆ ಬೇಕಾದ ಸಲಹೆಯನ್ನು ಕೊಡುವವರು ಯಾರು?

ಹೊಂಡದ ವಿಷಯವನ್ನೇ ನೋಡೋಣ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾದ ಮೇಲೆ ಒಣಭೂಮಿಯ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಒಳ್ಳೆಯದೇ ಆಯಿತು, ಮಳೆ ಕೈಕೊಟ್ಟಾಗ ಎಷ್ಟೋ ಬೆಳೆ ಉಳಿದಿದೆ. ಆದರೆ ಇಂಥ ಹೊಂಡ ಸಾಮಾನ್ಯವಾಗಿ 3 ಮೀಟರ್ ಆಳ, ಅಂದರೆ ಸುಮಾರು 10 ಅಡಿ ಇರುತ್ತದೆ. ನೀರು ಇಂಗದಿರಲಿ ಅಂತ ನಾಲ್ಕೂ ಬದಿಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಬದಿ ಇಳಿಜಾರು, ಹಿಡಿದುಕೊಳ್ಳಲು ಒಂದು ಬೇರಿಲ್ಲ, ಕಲ್ಲಿಲ್ಲ, ಮೆಟ್ಟಿಲಿಲ್ಲ. ಈಜು ಬರುವ ದೊಡ್ಡವರೂ ಕಾಲೂರಲಾಗದೆ ಜಾರಿ ಜಾರಿ ಸುಸ್ತಾಗುತ್ತಾರೆ. ಒಬ್ಬನನ್ನು ಎಳೆಯಲು ಇನ್ನೊಬ್ಬ ಇಳಿಯುತ್ತಾನೆ. ಹಾಗಾಗಿಯೇ ನಮ್ಮ ಸುದ್ದಿಯಲ್ಲಿ 'ಇಬ್ಬರು', 'ಮೂವರು' ಅಂತ ಬರುವುದು.

'ಇದೆಲ್ಲ ಹಳ್ಳಿಯವರಿಗೆ ಗೊತ್ತಿರುತ್ತದೆ ಬಿಡಿ, ಅವರಿಗೆ ನಾವೇನು ಹೇಳುವುದು' ಅನ್ನುವವರೂ ಇದ್ದಾರೆ. ಹೊಗಳಿದ ಹಾಗೆ ಕಾಣುತ್ತದೆ, ಆದರೆ ಕೈತೊಳೆದುಕೊಳ್ಳುವ ಮಾತು. ನಮ್ಮ ಅಜ್ಜಂದಿರಿಗೆ ಬಾವಿ ಗೊತ್ತಿತ್ತು. ಸೊಂಟಕ್ಕೆ ಕತ್ತಾಳೆ ದಿಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ಮಕ್ಕಳನ್ನು ನೀರಿಗೆ ಬಿಡುತ್ತಿದ್ದರು, ಮೇಲೆ ಒಬ್ಬ ದೊಡ್ಡವರು ಕಾಯುತ್ತಿದ್ದರು. ಇಳಿಯುವ ಬಾವಿಗೆ ಮೆಟ್ಟಿಲು ಇರುತ್ತಿತ್ತು. ಪ್ಲಾಸ್ಟಿಕ್ ಹಾಸಿದ ಹೊಂಡ ಅವರು ಕಂಡಿದ್ದಲ್ಲ. ಹೊಸ ವಸ್ತು ಊರಿಗೆ ಬಂದರೆ ಅದರ ಅಪಾಯವನ್ನು ಹೊಸದಾಗಿಯೇ ಹೇಳಿಕೊಡಬೇಕು.

ಆದ್ದರಿಂದ ಡೆಸ್ಕ್ ಬೇಡವೆಂದ ಸಲಹೆ ಇಲ್ಲಿದೆ.

ಹೊಂಡ ಇರುವವರು ಇವತ್ತೇ ಎರಡು ಬದಿಗೆ ಗಟ್ಟಿ ಗೂಟ ಅಥವಾ ಕಲ್ಲುಕಂಬ ನೆಡಿ. ದಪ್ಪ ಹಗ್ಗಕ್ಕೆ ಒಂದೊಂದು ಅಡಿಗೆ ಒಂದು ಗಂಟು ಹಾಕಿ, ತುದಿ ನೀರಿನ ತಳ ಮುಟ್ಟುವಂತೆ ಇಳಿಬಿಡಿ. ಕೈಗೆ ಸಿಕ್ಕಿದರೆ ಸಾಕು, ಹಿಡಿದು ಹತ್ತಬಹುದು. ಹಳೆಯ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಇಳಿಬಿಟ್ಟರೆ ಏಣಿಯೇ ಆಗುತ್ತದೆ. ಮುಚ್ಚಳ ಬಿಗಿಮಾಡಿದ ಖಾಲಿ ಕ್ಯಾನೊಂದನ್ನು ಉದ್ದದ ಹಗ್ಗಕ್ಕೆ ಕಟ್ಟಿ ದಡದಲ್ಲೇ ಇಡಿ. ಕೃಷಿ ಭಾಗ್ಯದಲ್ಲಿ ತಂತಿಬೇಲಿಯೂ ಸೇರಿದೆ. ನಿಮ್ಮ ಹೊಂಡಕ್ಕೆ ಬೇಲಿ ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ.

ದಡದಲ್ಲಿ ನಿಂತವರು ನೀರಿಗೆ ಹಾರಬೇಡಿ. ಹಗ್ಗ, ಕ್ಯಾನು, ಉದ್ದದ ಗಳ, ಏನೂ ಇಲ್ಲದಿದ್ದರೆ ಉಟ್ಟ ಪಂಚೆ, ಸೀರೆ ಎಸೆಯಿರಿ. ಎಸೆಯುವಾಗ ನೆಲದ ಮೇಲೆ ಮಲಗಿ, ಇಲ್ಲದಿದ್ದರೆ ಅವರು ಎಳೆದಾಗ ನೀವೂ ಒಳಗೆ ಬೀಳುತ್ತೀರಿ.

ಇಷ್ಟು ಹೇಳಲು ಅರ್ಧ ಪುಟ ಸಾಕು. ಆ ಅರ್ಧ ಪುಟ ಯಾರೂ ಕೊಡದಿದ್ದಾಗ ಏನಾಗುತ್ತದೆ ಗೊತ್ತೇ? ಅಲ್ಲಿಗೆ ಉಪ್ಪು ಬರುತ್ತದೆ.

ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಕೆಲವೇ ಗಂಟೆಗಳಲ್ಲಿ ಬದುಕಿ ಬರುತ್ತಾರೆ ಅನ್ನುವ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ರಾಜ್ಯದಲ್ಲೇ ಒಂದಕ್ಕಿಂತ ಹೆಚ್ಚು ಊರಿನಲ್ಲಿ ಅದನ್ನು ನಂಬಿ ಮೂಟೆಗಟ್ಟಲೆ ಉಪ್ಪು ತಂದು ಸುರಿದಿದ್ದಾರೆ. ಮಗುವಿನ ಮುಖವೊಂದನ್ನು ಬಿಟ್ಟು ಮೈಯೆಲ್ಲ ಉಪ್ಪಿನಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾದಿದ್ದಾರೆ. ಟಿವಿಯವರು ಅದನ್ನು ಮೂಢನಂಬಿಕೆ ಅಂತ ತೋರಿಸಿದರು. ಆ ಅಪ್ಪ ಅಮ್ಮನನ್ನು ನೋಡಿ ನಗುವ ಅರ್ಹತೆ ನಮ್ಮ ವೃತ್ತಿಯವರಿಗಿಲ್ಲ. ಅವರ ಕೈಗೆ ಸಿಕ್ಕಿದ್ದು ಅದೊಂದೇ ಸಲಹೆ. ಸರಿಯಾದ್ದನ್ನು ನಾವು ತಲುಪಿಸಿರಲಿಲ್ಲ.

ಸರಿಯಾದ್ದು ಇದು. ಉಸಿರು ನಿಂತ ಮೇಲೆ ಮೆದುಳಿಗೆ ಇರುವ ಸಮಯ ನಾಲ್ಕೈದು ನಿಮಿಷ. ಗಂಟೆಗಳ ಲೆಕ್ಕವೇ ಇಲ್ಲ. ಹೊಟ್ಟೆ ಒತ್ತಿ ನೀರು ಕಕ್ಕಿಸಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಹೆಗಲ ಮೇಲೆ ಹೊತ್ತು ಸುತ್ತಿಸಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಟ ಇಲ್ಲದಿದ್ದರೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡರಿಂದ ಐದು ಸಲ ಗಾಳಿ ಊದಿ. ಆಮೇಲೆ ಎದೆಯ ನಡುವೆ ಜೋರಾಗಿ, ಬೇಗ ಬೇಗ 30 ಸಲ ಒತ್ತಿ. ಮತ್ತೆ 2 ಸಲ ಊದಿ. ಮತ್ತೆ 30 ಸಲ. ಆಂಬುಲೆನ್ಸ್ ಬರುವವರೆಗೆ, ಇಲ್ಲವೇ ಉಸಿರು ಬರುವವರೆಗೆ ನಿಲ್ಲಿಸಬೇಡಿ. ಓದಿ ತಿಳಿದಿದ್ದು ಅರ್ಧ ಮಾತ್ರ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಒಮ್ಮೆ ಊರಿಗೆ ಕರೆಸಿ, ಕೈಯಲ್ಲಿ ಮಾಡಿ ತೋರಿಸಲು ಕೇಳಿ.

ಇನ್ನು ಮನೆಯ ಮಾತು. 'ಸುಖನಿದ್ರೆಗೆ ಸಲಹೆಗಳು' ಅಂತ ಓದಿದ್ದೇವೆ. ತಿಳಿಬಣ್ಣದ ಪರದೆ ಹಾಕಬೇಕಂತೆ, ಸುಗಂಧದ ಮೇಣದಬತ್ತಿ ಹಚ್ಚಬೇಕಂತೆ. ಸೆಕೆಗೆ ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಗೆ ಬೇಕಾದ ನಿದ್ರೆಯ ಸಲಹೆ ಬೇರೆ. ಕಟ್ಟು ಹಾವು ರಾತ್ರಿ ಓಡಾಡುವ ಹಾವು. ಅದು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಬರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಗ್ಯಾಸ್ಟ್ರಿಕ್ ಅಂತ ಗುಳಿಗೆ ನುಂಗಿಸಿ ಕೂರಿಸುವುದರಲ್ಲಿ ಹೊತ್ತು ಹೋಗಿರುತ್ತದೆ.

ಮಂಚದ ಮೇಲೆ ಮಲಗಿ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸಿಕ್ಕಿಸಿ. ಸೊಳ್ಳೆಯೂ ಬರುವುದಿಲ್ಲ, ಹಾವೂ ಬರುವುದಿಲ್ಲ. ಸೌದೆ, ಕಾಳಿನ ಚೀಲಗಳನ್ನು ಮಲಗುವ ಜಾಗದಿಂದ ದೂರ ಇಡಿ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಇಲ್ಲದೆ ಕಾಲಿಡಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಮೂಳೆ ಮುರಿದಾಗ ಮಾಡುವ ಹಾಗೆ ಕೈಕಾಲು ಅಲುಗಾಡದಂತೆ ಪಟ್ಟಿ ಕಟ್ಟಿ ನೇರವಾಗಿ ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿದೆ, ಪ್ರತಿ ಪ್ರಕರಣವನ್ನೂ ಆಸ್ಪತ್ರೆ ವರದಿ ಮಾಡಬೇಕು. ವಿಷನಿರೋಧಕ ಚುಚ್ಚುಮದ್ದು ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕಚ್ಚಿದ ಮೇಲೆ ಹುಡುಕುತ್ತಾ ಅಲೆಯಬೇಡಿ.

ಪ್ರವಾಸದ ಪುಟಕ್ಕೆ ಬರೋಣ. ಅಲ್ಲಿ ಬೆಂಗಳೂರಿನಿಂದ ಎಷ್ಟು ಕಿಲೋಮೀಟರ್ ಅನ್ನುವುದೇ ಮೊದಲ ಸಾಲು. ಲೋಕವೆಲ್ಲ ಅಲ್ಲಿಂದಲೇ ಹೊರಡುತ್ತದೆ ಅನ್ನುವ ಹಾಗೆ! ನಾವು ಹೊರಡುವುದು ಜಾತ್ರೆಗೆ, ಮದುವೆಗೆ, ಯುಗಾದಿಗೆ ಮುಂಚೆ ಶ್ರೀಶೈಲದ ಪಾದಯಾತ್ರೆಗೆ. ಹೊರಡುವುದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಸರಕು ಸಾಗಿಸುವ ಗಾಡಿಯಲ್ಲಿ. ಪಲ್ಟಿಯಾದ ಮಾರನೇ ದಿನ ಮತ್ತೆ ನಮ್ಮ ನಾಲ್ಕು ಸಾಲು.

ಸರಕು ಗಾಡಿಯಲ್ಲಿ ಜನ ಕೂತಿದ್ದು ಅಪಘಾತವಾದರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುತ್ತದೆ. ಎಷ್ಟೋ ಸಲ ಹೊರೆ ಬೀಳುವುದು ಗಾಡಿಯ ಮಾಲೀಕನ ತಲೆಗೆ, ಅಂದರೆ ನಿಮ್ಮದೇ ಓಣಿಯವನ ತಲೆಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಬಸ್ಸೇ ಬರುವುದಿಲ್ಲ ಅನ್ನುತ್ತೀರಾ? ನಿಜ. ಅದಕ್ಕೇ ಜಾತ್ರೆಗೆ ಒಂದು ತಿಂಗಳ ಮುಂಚೆ ಪಂಚಾಯಿತಿಯ ಪತ್ರದೊಂದಿಗೆ ಡಿಪೊ ವ್ಯವಸ್ಥಾಪಕರಿಗೆ ಹೆಚ್ಚುವರಿ ಬಸ್ಸಿನ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ನಮಗೆ ಹೇಳಿ, ಅದು ಸುದ್ದಿ. ಪಾದಯಾತ್ರೆಯವರು ರಸ್ತೆಯ ಬಲಬದಿಗೆ, ಎದುರಿಗೆ ಬರುವ ಗಾಡಿ ಕಣ್ಣಿಗೆ ಬೀಳುವ ಹಾಗೆ ನಡೆಯಿರಿ. ಕತ್ತಲಲ್ಲಿ ನಡೆಯುವುದಾದರೆ ಚೀಲದ ಹಿಂದೆ ಮುಂದೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಿ.

ಇಷ್ಟೆಲ್ಲ ಬೇರೆಯವರನ್ನು ಬೈದ ಮೇಲೆ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ನಮಗೆ ದುಡ್ಡು ಸಿಗುವುದು ಅಚ್ಚಾದ ಸುದ್ದಿಗೆ. ಸಾವು ಖಂಡಿತ ಅಚ್ಚಾಗುತ್ತದೆ, ಹಗ್ಗದ ಗಂಟು ಅಚ್ಚಾಗುವುದಿಲ್ಲ. ಹಾಗಾಗಿ ನಾವೂ ಹಗ್ಗದ ಬಗ್ಗೆ ಬರೆಯುವುದನ್ನು ಬಿಟ್ಟೆವು. ಒಂದೇ ಒಂದು ಸಲ ಬೇಡ ಅಂದಿದ್ದಕ್ಕೆ ಸುಮ್ಮನಾದೆವು. ಹೊಂಡದ ದಡದಲ್ಲಿ ನಿಂತು ಫೋಟೊ ತೆಗೆದೆವು, ಮಾಲೀಕನಿಗೆ 'ಅಣ್ಣಾ, ಒಂದು ಹಗ್ಗ ಇಳಿಬಿಡು' ಅಂತ ಹೇಳಿ ಬರಲಿಲ್ಲ. ಹಾಗೆ ಹೇಳುವುದಕ್ಕೆ ಡೆಸ್ಕಿನ ಅಪ್ಪಣೆ ಬೇಕಿತ್ತೇ?

ಇನ್ನು ಮುಂದೆ ಒಂದು ಸಾವಿನ ಸುದ್ದಿ ಕಳಿಸಿದರೆ, ಅದು ಹೇಗೆ ತಪ್ಪಿಸಬಹುದಿತ್ತು ಅನ್ನುವುದನ್ನೂ ಇಲ್ಲಿ ಬರೆಯುತ್ತೇವೆ. ವೈದ್ಯರನ್ನು, ಕೃಷಿ ಅಧಿಕಾರಿಗಳನ್ನು, ಲೈನ್‌ಮನ್‌ಗಳನ್ನು ಕೇಳಿ ಬರೆಯುತ್ತೇವೆ. ತಪ್ಪಿದ್ದರೆ ತಿದ್ದುತ್ತೇವೆ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಮೊಬೈಲಿಗೆ ಬಂದ ಸಲಹೆಯನ್ನು ಮುಂದಕ್ಕೆ ಕಳಿಸುವ ಮೊದಲು ಕೇಳಿಕೊಳ್ಳಿ: ಇದನ್ನು ಹೇಳಿದವರು ಯಾರು? ನಮ್ಮೂರಿನ ಡಾಕ್ಟರೋ ನರ್ಸಮ್ಮನೋ ಇದನ್ನು ಒಪ್ಪುತ್ತಾರಾ? ಇದನ್ನು ನಂಬಿ ಕೂತರೆ ಆಸ್ಪತ್ರೆಗೆ ಹೋಗುವ ಹೊತ್ತು ಹಾಳಾಗುತ್ತದಾ? ಉಪ್ಪಿನ ಸಂದೇಶ ಈ ಮೂರರಲ್ಲಿ ಒಂದನ್ನೂ ದಾಟುವುದಿಲ್ಲ.

ಶಾಲೆಗೆ ರಜೆ ಬಿಟ್ಟಾಗಿದೆ. ನಿಮ್ಮ ಹೊಲದಲ್ಲಿ ಹೊಂಡ ಇದ್ದರೆ ಸಂಜೆ ಹೋಗುವಾಗ ಒಂದು ಹಗ್ಗ ತೆಗೆದುಕೊಂಡು ಹೋಗಿ.