ಜರಡಿಯ ಮೇಲೆ ಉಳಿದ ನಗೆ

“ಎಪ್ಪತ್ತು ವರ್ಷ ಕಳೆದರೂ ನಮ್ಮ ದೇಶ ಎಳ್ಳಷ್ಟೂ ಬದಲಾಗಿಲ್ಲ!” ಹೀಗೆಂದು ಮೇಜು ಗುದ್ದಿ ಹೇಳಿ, ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಬಹುಮಾನ ಪಡೆದೆ. ಆ ಮಾತು ಮುಕ್ಕಾಲುಪಾಲು ತಪ್ಪೆಂದು ಈಗ ನನಗೆ ಮನವರಿಕೆಯಾಗಿದೆ. ಬಹುಮಾನವನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲದಿರುವುದರಿಂದ, ತಪ್ಪೊಪ್ಪಿಗೆಯಾಗಿ ಈ ನಾಲ್ಕು ಮಾತುಗಳನ್ನಾದರೂ ಬರೆಯುವುದು ನ್ಯಾಯವೆಂದು ಭಾವಿಸಿದ್ದೇನೆ.

ನನ್ನ ವಾದಕ್ಕೆ ಆಧಾರವಾಗಿದ್ದುದು ಗೋಣಿಕೊಪ್ಪಲಿನ ನಮ್ಮ ಮನೆಯ ಅಟ್ಟದಲ್ಲಿದ್ದ ಒಂದು ತಗಡಿನ ಪೆಟ್ಟಿಗೆ. ನನ್ನ ಅಜ್ಜ ಮುಂಬಯಿಯಲ್ಲಿ ಗುಮಾಸ್ತರಾಗಿದ್ದ ಕಾಲದಲ್ಲಿ ಪತ್ರಿಕೆಗಳಿಂದ ಕತ್ತರಿಸಿಟ್ಟ ವ್ಯಂಗ್ಯಚಿತ್ರಗಳು ಅದರಲ್ಲಿದ್ದವು. ಹೆಚ್ಚಿನವು ನಮ್ಮ ಮೈಸೂರಿನಲ್ಲಿ ಹುಟ್ಟಿ, ‘ಕೊರವಂಜಿ’ಗೂ ಚಿತ್ರ ಬರೆದು, ಮುಂದೆ ದೇಶಕ್ಕೇ ಹೆಸರಾದ ಆರ್. ಕೆ. ಲಕ್ಷ್ಮಣ್ ಅವರವು. ಅವುಗಳಲ್ಲಿ ಎಂಟನ್ನು ಆರಿಸಿ, ದೊಡ್ಡದಾಗಿ ಮುದ್ರಿಸಿ, ಸಭಾಂಗಣದ ಗೋಡೆಗೆ ಅಂಟಿಸಿದ್ದೆ. ಬೆಲೆಯೇರಿಕೆ, ನೀರು ಬಾರದ ನಲ್ಲಿ, ಮೇಜಿನಿಂದ ಮೇಜಿಗೆ ತೆವಳುವ ಕಡತ, ಚುನಾವಣೆಗೆ ಮಾತ್ರ ಊರ ದಾರಿ ಹುಡುಕುವ ನಾಯಕ, ರಸ್ತೆಯ ಗುಂಡಿ – ಎಲ್ಲವೂ ನಿನ್ನೆ ಬರೆದಂತಿದ್ದವು. ಮಳೆಗಾಲದಲ್ಲಿ ಬಸ್ಸಿನಲ್ಲಿ ನೇತಾಡಿಕೊಂಡು ತರಗತಿಗೆ ಬರುವ ನಮಗೆ ಗುಂಡಿಯ ಚಿತ್ರವನ್ನು ವಿವರಿಸಿ ಹೇಳಬೇಕೆ? ಸಭೆ ನಕ್ಕಿತು, ನಾನು ಗೆದ್ದೆ.

ಮರುದಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ಎಂಟು ಚಿತ್ರ ತೋರಿಸಿದೆಯಲ್ಲಮ್ಮ, ಪೆಟ್ಟಿಗೆಯಲ್ಲಿ ಒಟ್ಟು ಎಷ್ಟಿದ್ದವು?” ಎಂದು ಕೇಳಿದರು. ನಾನು ಎಣಿಸಿರಲಿಲ್ಲ. ಮನೆಗೆ ಹೋಗಿ ಎಣಿಸಿದೆ. 212 ಇದ್ದವು. ಅವುಗಳಲ್ಲಿ ನೋಡಿದೊಡನೆ ನಗೆ ತರಿಸಿದವು 27 ಮಾತ್ರ. ಮಿಕ್ಕ 185 ನನ್ನ ಪಾಲಿಗೆ ಮೂಕವಾಗಿದ್ದವು.

ಮೂಕವಾಗಿದ್ದುದೇಕೆ? 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಆಣೆಯ ಲೆಕ್ಕ ತಪ್ಪಿ ತಲೆ ಕೆರೆದುಕೊಂಡ ಗಿರಾಕಿಯ ಪೇಚು ನನಗೆ ಹೇಗೆ ತಿಳಿಯಬೇಕು? 1968ರಲ್ಲಿ ಕಾಯಿದೆಯಾಗಿ 1990ರಲ್ಲಿ ರದ್ದಾದ ಚಿನ್ನದ ನಿಯಂತ್ರಣವನ್ನು ನಾನು ಕೇಳಿಯೂ ಇರಲಿಲ್ಲ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು, ಟ್ರಂಕ್ ಕರೆಗಾಗಿ ಕುಳಿತಲ್ಲೇ ತೂಕಡಿಸುವವರು, ಮೂಗಿನ ಉದ್ದದಿಂದಲೇ ಅಂದಿನವರು ಗುರುತಿಸುತ್ತಿದ್ದ ಮಂತ್ರಿಗಳು – ಇವರಾರೂ ನನಗೆ ಪರಿಚಿತರಲ್ಲ. ಅರ್ಥವಾಗದ್ದನ್ನೆಲ್ಲ ಬದಿಗೆ ಸರಿಸಿ, ಅರ್ಥವಾದುದನ್ನು ಮಾತ್ರ ಗೋಡೆಗೆ ಏರಿಸಿ, ಕೊನೆಗೆ “ನೋಡಿ, ಎಲ್ಲವೂ ಇಂದಿನಂತೆಯೇ ಇದೆ!” ಎಂದು ಆಶ್ಚರ್ಯಪಟ್ಟವಳು ನಾನೇ!

ಸಂಖ್ಯಾಶಾಸ್ತ್ರದವರು ಇದನ್ನು ಆಯ್ಕೆಯ ದೋಷವೆನ್ನುತ್ತಾರೆ. ಕಾಫಿಯ ಸೀಮೆಯವರಾದ ನಮಗೆ ಇದು ಹೊಸದಾಗಬಾರದು. ಪಲ್ಪಿಂಗಿಗೆ ಮುನ್ನ ಹಣ್ಣನ್ನು ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ; ಅದನ್ನು ತೆಗೆದುಹಾಕುತ್ತಾರೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜವನ್ನು ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕಪ್ಪುಬೀಜವನ್ನೂ ಚೂರನ್ನೂ ಬೇರೆ ಮಾಡುತ್ತಾರೆ. ಕೊನೆಯ ಮೂಟೆಯನ್ನು ಮಾತ್ರ ಕಂಡ ಪರದೇಶದ ವರ್ತಕನು “ಕೊಡಗಿನ ಗಿಡಗಳಲ್ಲಿ ಒಂದೇ ಅಳತೆಯ ಕಾಯಿ ಬಿಡುತ್ತದೆ” ಎಂದರೆ ನಾವು ನಗುವುದಿಲ್ಲವೆ? ಹಳೆಯ ಚಿತ್ರಗಳ ವಿಷಯದಲ್ಲಿ ನಾವೆಲ್ಲರೂ ಆ ವರ್ತಕನೇ.

ಲಕ್ಷ್ಮಣ್ ಅವರ ‘ಯು ಸೆಡ್ ಇಟ್’ ಕಿರುಚಿತ್ರಮಾಲೆ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಲ್ಲಿ ಆರಂಭವಾಗಿ ಐವತ್ತು ವರ್ಷಕ್ಕೂ ಮೀರಿ ನಡೆಯಿತು. ವರ್ಷಕ್ಕೆ ಮುನ್ನೂರರಂತೆ ಹಿಡಿದರೂ ಐವತ್ತು ವರ್ಷಕ್ಕೆ 15,000 ಚಿತ್ರಗಳಾದವು. ಅವುಗಳ ಪೈಕಿ ನಮ್ಮ ನೆನಪಿನಲ್ಲಿರುವುದು ಎಷ್ಟು? ಮೊದಲು ಓದುಗನ ಕತ್ತರಿ, ಬಳಿಕ ಸಂಕಲನಕಾರನ ಆಯ್ಕೆ, ಈಗ ಮೊಬೈಲಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕಳುಹಿಸುವ ಉತ್ಸಾಹ – ಜರಡಿಯ ಮೇಲೆ ಜರಡಿ. ಪ್ರತಿಯೊಂದು ಜರಡಿಯೂ ಕೇಳುವ ಪ್ರಶ್ನೆ ಒಂದೇ: “ಇದು ಈಗಲೂ ತಾಗುತ್ತದೆಯೆ?” ತಾಗದ್ದು ಕೆಳಗೆ ಬೀಳುತ್ತದೆ. ಹೀಗೆ ಉಳಿದದ್ದು ನಮಗೆ ತಾಗಿದರೆ ಅದರಲ್ಲಿ ಸೋಜಿಗವೇನು?

ಅಷ್ಟೇಕೆ, ಲಕ್ಷ್ಮಣರ ಶ್ರೀಸಾಮಾನ್ಯನೇ ಇಂತಹ ಜರಡಿಯಿಂದ ಇಳಿದು ಬಂದವನು. ಮೊದಮೊದಲು ಅವರು ಬೇರೆ ಬೇರೆ ಪ್ರಾಂತಗಳ, ಬೇರೆ ಬೇರೆ ಉಡುಪಿನ ಜನರನ್ನೆಲ್ಲ ಚಿತ್ರದ ಹಿನ್ನೆಲೆಯಲ್ಲಿ ಬರೆಯುತ್ತಿದ್ದರಂತೆ. ಪತ್ರಿಕೆಯ ಅವಸರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತ ಬಂದು, ಕಡೆಗೆ ಧೋತ್ರವುಟ್ಟು ಚೌಕಳಿ ಕೋಟು ತೊಟ್ಟ, ಮಾತನಾಡದ ಮುದುಕನೊಬ್ಬನೇ ಉಳಿದನು. ಅವನು ಎಲ್ಲರ ಪ್ರತಿನಿಧಿ, ನಿಜ. ಆದರೆ ಕುಪ್ಯ-ಚೇಲೆಯವರೂ ತೋಟದ ಲೈನ್‌ಮನೆಯ ಕೂಲಿಯವರೂ ಅವನ ಹಿಂದೆ ಎಲ್ಲಿ ನಿಂತಿದ್ದಾರೆಂದು ನಾವು ಕಣ್ಣರಳಿಸಿ ಹುಡುಕಬೇಕು.

ನಾನು ಹುಡುಕತೊಡಗಿದ್ದು ಅಜ್ಜಿಯಿಂದ. ಒಂದು ಸಂಜೆ ಆ 185 ಚಿತ್ರಗಳನ್ನೂ ಜಗಲಿಯ ಮೇಲೆ ಹರಡಿ, ಇಂಗ್ಲಿಷಿನ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ನಯಾಪೈಸೆಗೆ ಅಜ್ಜಿ ಬಿದ್ದು ಬಿದ್ದು ನಕ್ಕರು. ಟ್ರಂಕ್ ಕರೆಯ ಚಿತ್ರ ಬಂದಾಗ ಸುಮ್ಮನಾದರು. ಅಜ್ಜ ಮುಂಬಯಿಯಲ್ಲಿದ್ದಾಗ ಅವರ ತಾಯಿಗೆ ಇಲ್ಲಿ ಕಾಯಿಲೆ ಬಲಿಯಿತಂತೆ. ಸುದ್ದಿ ತಿಳಿಸಲು ಅಜ್ಜಿ ಬೆಳಿಗ್ಗೆ ಕರೆಗೆ ಹೆಸರು ಕೊಟ್ಟು ಸಂಜೆಯವರೆಗೆ ಕಾದರು. ಲೈನು ಸಿಕ್ಕಾಗ “ಹುಷಾರಿಲ್ಲ, ಬೇಗ ಬನ್ನಿ” ಎಂದು ಹೇಳುವ ಹೊತ್ತು ಮೀರಿಹೋಗಿತ್ತು. ಬೇರೆ ಸುದ್ದಿಯನ್ನೇ ಹೇಳಬೇಕಾಯಿತು. ಅಜ್ಜ ಆ ಚಿತ್ರವನ್ನು ಕತ್ತರಿಸಿಟ್ಟದ್ದು ಅದು ಎಂದೆಂದಿಗೂ ಸಲ್ಲುವ ಹಾಸ್ಯವೆಂದಲ್ಲ. ಅದನ್ನು ನಾನು “ಹಳಸಲು” ಎಂದು ಬದಿಗೆ ಎಸೆದಿದ್ದೆ!

ಅಜ್ಜಿ ಕೊನೆಗೆ ಹೇಳಿದರು: “ಏನೂ ಬದಲಾಗಿಲ್ಲ ಅಂತ ಭಾಷಣ ಮಾಡಿದೆಯಂತೆ. ನಿನ್ನ ವಯಸ್ಸಿನಲ್ಲಿ ನಾನು ಕಾಲೇಜಿನ ಗೇಟನ್ನೂ ಕಂಡವಳಲ್ಲ ಮಗಾ. ನಾಲ್ಕನೇ ಕ್ಲಾಸಿಗೆ ಮುಗಿಯಿತು.” 1951ರ ಜನಗಣತಿಯಂತೆ ಭಾರತದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತಕ್ಕಿಂತ ಕಡಿಮೆ, 2011ರ ವೇಳೆಗೆ ಅರವತ್ತನ್ನು ದಾಟಿದ್ದರು. ಅಂದು ಆ ಚಿತ್ರದ ಕೆಳಗಿನ ಒಂದು ಸಾಲನ್ನು ಓದಿ ನಗುವ ಭಾಗ್ಯ ಎಷ್ಟು ಮಂದಿಗಿತ್ತು? ಇಂದು ಗೋಣಿಕೊಪ್ಪಲಿನ ಹುಡುಗಿಯೊಬ್ಬಳು ಅದನ್ನು ಓದಿ, “ಏನೂ ಬದಲಾಗಿಲ್ಲ” ಎಂದು ವೇದಿಕೆಯಲ್ಲಿ ವಾದಿಸಿ ಬಹುಮಾನವನ್ನೂ ಪಡೆದಳಲ್ಲ, ಆ ಬದಲಾವಣೆ ಮಾತ್ರ ಅವಳ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಗುಂಡಿಯ ಚಿತ್ರ ಸುಳ್ಳೆ? ಖಂಡಿತ ಅಲ್ಲ. ಗುಂಡಿ ಇದ್ದೇ ಇದೆ; ಅದಕ್ಕೆ ಹೊಣೆಯಾದವರನ್ನು ಕೇಳಲೇಬೇಕು. ಆದರೆ ಉಳಿದ ಚಿತ್ರಗಳನ್ನು ಮರೆತು ಗುಂಡಿಯೊಂದನ್ನೇ ನೋಡುವವನಿಗೆ ಕೇಳುವ ಉತ್ಸಾಹವೂ ಹೋಗುತ್ತದೆ. “ಅಂದೂ ಹೀಗೆ, ಇಂದೂ ಹೀಗೆ, ಮುಂದೂ ಹೀಗೆಯೇ” ಎಂದು ಕೈಕಟ್ಟಿ ಕೂರುವುದು ನಮ್ಮ ವಯಸ್ಸಿನವರಿಗೆ ಬಹಳ ಸುಲಭವಾದ ಜಾಣತನ. ಟ್ರಂಕ್ ಕರೆಯ ಕಾಯುವಿಕೆ ತೊಲಗಬಹುದಾದರೆ ಗುಂಡಿಯೂ ತೊಲಗಬಹುದು ಎಂಬ ಧೈರ್ಯವನ್ನು ನನಗೆ ಕೊಟ್ಟದ್ದು ನಗೆ ತರಿಸಿದ 27 ಚಿತ್ರಗಳಲ್ಲ, ನಗೆ ತರಿಸದ 185. “ದೂರದ ಬೆಟ್ಟ ನುಣ್ಣಗೆ” ಎಂದು ಹಳೆಯ ಕಾಲವನ್ನು ಹೊಗಳುವವರಿಗೆ ಹೇಳುತ್ತೇವೆ. “ದೂರದ ಬೆಟ್ಟವೂ ನಮ್ಮ ಬೆಟ್ಟದಂತೆಯೇ” ಎನ್ನುವವರಿಗೂ ಅದೇ ಬುದ್ಧಿಮಾತು ಸಲ್ಲುತ್ತದೆ. ಇಬ್ಬರೂ ಹತ್ತಿರ ಹೋಗಿ ನೋಡಿದವರಲ್ಲ.

ಆದುದರಿಂದ ಗೆಳೆಯ ಗೆಳತಿಯರಲ್ಲಿ ನನ್ನ ಅರಿಕೆ ಇಷ್ಟೆ. ಹಳೆಯ ಚಿತ್ರವೊಂದನ್ನು ಯಾರಾದರೂ ತೋರಿಸಿ “ಎಷ್ಟು ನಿಜ!” ಎಂದಾಗ ಧಾರಾಳವಾಗಿ ನಗಿರಿ, ನಕ್ಕ ಮೇಲೆ, ಪೆಟ್ಟಿಗೆಯಲ್ಲಿ ಒಟ್ಟು ಎಷ್ಟಿದ್ದವು ಎಂದು ಕೇಳಿರಿ. ಮನೆಯಲ್ಲಿ ಹಿರಿಯರಿದ್ದರೆ, ನಿಮಗೆ ಅರ್ಥವಾಗದ ಚಿತ್ರಗಳನ್ನೇ ಮೊದಲು ಅವರ ಮುಂದಿಡಿರಿ. ಈ ವರ್ಷದ ಕಾಲೇಜು ದಿನಾಚರಣೆಗೆ ಅಜ್ಜನ ಪೆಟ್ಟಿಗೆಯನ್ನು ಪೂರ್ತಿಯಾಗಿ ತರುವೆನೆಂದು ಆ ಅಧ್ಯಾಪಕರಿಗೆ ಮಾತು ಕೊಟ್ಟಿದ್ದೇನೆ. ಒಂದು ಗೋಡೆ ಸಾಲದು. ಇಡೀ ಸಭಾಂಗಣವೇ ಬೇಕಾದೀತು.