ತಂತ್ರಾಂಶದ ಹೆಸರು, ಅರ್ಜಿದಾರನ ಖರ್ಚು

ಬೆಂಬಲ ಬೆಲೆಗೆ ರಾಗಿ ಮಾರಬಯಸುವ ರೈತ ಖರೀದಿ ಕೇಂದ್ರಕ್ಕೆ ಹೋಗುವ ಮುನ್ನ ‘ಫ್ರೂಟ್ಸ್’ನಲ್ಲಿ ನೋಂದಾಯಿಸಿಕೊಂಡಿರಬೇಕು. ರಾಗಿಗೂ ಹಣ್ಣಿಗೂ ಏನು ಸಂಬಂಧವೆಂದು ಅವನು ಕೇಳಿದರೆ ನಗುವಂತಿಲ್ಲ. ಫಾರ್ಮರ್ ರಿಜಿಸ್ಟ್ರೇಷನ್ ಅಂಡ್ ಯೂನಿಫೈಡ್ ಬೆನಿಫಿಷಿಯರಿ ಇನ್ಫರ್ಮೇಷನ್ ಸಿಸ್ಟಮ್ ಎಂಬ ಮಾರುದ್ದದ ಇಂಗ್ಲಿಷ್ ಹೆಸರಿನಿಂದ ಅಲ್ಲೊಂದು ಇಲ್ಲೊಂದು ಅಕ್ಷರ ಆಯ್ದು ಪೋಣಿಸಿದಾಗ ದೊರೆತ ಪದವದು. ರೈತನ ಗುರುತಿನ ಸಂಖ್ಯೆ, ಅವನ ಜಮೀನಿನ ವಿವರ, ಬ್ಯಾಂಕ್ ಖಾತೆ ಎಲ್ಲವನ್ನೂ ಒಂದೆಡೆ ತರುವ ಈ ವ್ಯವಸ್ಥೆ ಉಪಯುಕ್ತವಾದುದೇ. ಆದರೆ ತೆಂಗು, ಅಡಿಕೆ, ರಾಗಿ ಬೆಳೆಯುವ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ‘ಫ್ರೂಟ್ಸ್’ ಎಂಬ ಹೆಸರು ರೈತರ ಬಾಯಲ್ಲಿ ನಿಂತಿಲ್ಲ. ಅವರು ಹೇಳುವುದು ‘ಎಫ್‌ಐಡಿ ಮಾಡಿಸೋದು’ ಎಂದು. ಸರ್ಕಾರ ಕೊಟ್ಟ ಹೆಸರನ್ನು ಬದಿಗಿಟ್ಟು ಜನ ತಮಗೆ ಬೇಕಾದ ವಸ್ತುವಿನ ಹೆಸರನ್ನು ಹಿಡಿದುಕೊಂಡಿದ್ದಾರೆ.

ತಂತ್ರಾಂಶಕ್ಕೆ ಯಾವ ಹೆಸರಿಟ್ಟರೇನು, ಕೆಲಸವಾದರೆ ಸಾಕಲ್ಲವೇ ಎಂಬ ವಾದವಿದೆ. ಖಾಸಗಿ ಕಂಪನಿಗಳ ಮಟ್ಟಿಗೆ ಆ ವಾದವನ್ನು ಒಪ್ಪಬಹುದು. ಕಂಪನಿಯ ಹೆಸರು ಅರ್ಥವಾಗದಿದ್ದರೆ ಗ್ರಾಹಕ ಇನ್ನೊಂದು ಕಂಪನಿಗೆ ಹೋಗುತ್ತಾನೆ. ಜಾಹೀರಾತಿಗೆ ಹಣ ಸುರಿದು ಆ ಹೆಸರನ್ನು ಜನಮನದಲ್ಲಿ ನಾಟಿಸುವ ಹೊಣೆ ಕಂಪನಿಯದೇ. ಸರ್ಕಾರದ ಕಿಟಕಿ ಒಂದೇ. ಅಲ್ಲಿ ಹೆಸರು ತಿಳಿಯದಿದ್ದರೆ ಆ ಅಜ್ಞಾನದ ಖರ್ಚನ್ನು ಭರಿಸುವವನು ಅರ್ಜಿದಾರ. ಅರ್ಥಶಾಸ್ತ್ರದಲ್ಲಿ ಇದನ್ನು ವಹಿವಾಟು ವೆಚ್ಚ ಎನ್ನುತ್ತಾರೆ. ಸೇವೆಯ ಶುಲ್ಕ ಎಷ್ಟೇ ಕಡಿಮೆಯಿರಲಿ, ಆ ಸೇವೆ ಎಲ್ಲಿದೆ, ಅದನ್ನು ಏನೆಂದು ಕೇಳಬೇಕು ಎಂದು ತಿಳಿಯಲು ಕಳೆಯುವ ಅರ್ಧ ದಿನದ ಕೂಲಿ, ಬಸ್ ದರ, ಮಧ್ಯವರ್ತಿಗೆ ಕೊಡುವ ಹಣ ಇವೆಲ್ಲ ಆ ಸೇವೆಯ ನಿಜವಾದ ಬೆಲೆಯೊಳಗೆ ಸೇರುತ್ತವೆ.

ಈ ವಿಷಯದಲ್ಲಿ ಕರ್ನಾಟಕ ಆರಂಭದಲ್ಲಿ ಎಡವಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಶತಮಾನದ ತಿರುವಿನಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ತಾಲ್ಲೂಕು ಕಚೇರಿಗಳಲ್ಲಿ ಸ್ಥಾಪಿಸಿದ 177 ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಯಾರ ಜಮೀನಿನ ಪಹಣಿಯನ್ನಾದರೂ ಪಡೆಯಬಹುದಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದರೊಂದಿಗೆ ಅವರ ಮನೆಬಾಗಿಲಲ್ಲಿ ಕಾಯುವ ಪದ್ಧತಿಯೂ ಹೋಯಿತು. ಈ ಯೋಜನೆಯ ಬಗ್ಗೆ ದೇಶವಿದೇಶಗಳಲ್ಲಿ ಬಹಳಷ್ಟು ಬರೆಯಲಾಗಿದೆ. ಆದರೆ ಅದರ ಭಾಷೆಯ ಬಗ್ಗೆ ಬರೆದವರು ವಿರಳ.

‘ಭೂಮಿ’ ಎಂಬುದು ಯಾವ ಇಂಗ್ಲಿಷ್ ವಾಕ್ಯದ ಸಂಕ್ಷೇಪವೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಆ ತಂತ್ರಾಂಶದ ಒಳಗಿನ ಮಾತುಗಳು ಕಂದಾಯ ಇಲಾಖೆಯ ಕಡತದಲ್ಲೂ ರೈತನ ನಾಲಿಗೆಯಲ್ಲೂ ಮೊದಲೇ ಇದ್ದಂಥವು. ಖಾತೆ, ಖರಾಬು, ತರಿ, ಖುಷ್ಕಿ, ಪೋಡಿ, ಆಕಾರ, ಕಬ್ಜೇದಾರ. ಇವುಗಳಲ್ಲಿ ಅಚ್ಚಗನ್ನಡ ಎಷ್ಟು, ಪಾರಸಿ ಎಷ್ಟು, ಅರಬ್ಬಿ ಎಷ್ಟು ಎಂದು ನಿಘಂಟುಕಾರರು ಬೇರ್ಪಡಿಸಲಿ. ಊರಿನ ಕಟ್ಟೆಯ ಮೇಲೆ ಅವೆಲ್ಲವೂ ಕನ್ನಡವೇ. ತಂದೆಯ ಹೆಸರಿನ ಮುಂದೆ ‘ಬಿನ್’, ಗಂಡನ ಹೆಸರಿನ ಮುಂದೆ ‘ಕೋಂ’ ಎಂದು ಬರೆಯುವ ಹಳೆಯ ಪದ್ಧತಿಯೂ ಗಣಕಯಂತ್ರದೊಳಗೆ ಹಾಗೆಯೇ ಉಳಿಯಿತು. ಪಹಣಿಯ ಹನ್ನೊಂದನೆಯ ಕಾಲಂನಲ್ಲಿ ಬ್ಯಾಂಕಿನ ಸಾಲವಿದೆಯೇ ಎಂದು ಓದಲು ಬಾರದ ರೈತನೂ ಕೇಳಬಲ್ಲ, ಏಕೆಂದರೆ ಕೈಬರಹದ ಕಾಲದಲ್ಲೂ ಅದು ಹನ್ನೊಂದನೆಯ ಕಾಲಂ ಆಗಿತ್ತು. ಯಂತ್ರ ಬದಲಾದರೂ ರೈತ ಹೊಸ ಪಾಠ ಕಲಿಯಬೇಕಾಗಲಿಲ್ಲ. ಕಂದಾಯ ಆಡಳಿತವನ್ನು ಒಳಗಿನಿಂದ ಕಂಡವನಾಗಿ ಹೇಳುವುದಾದರೆ, ‘ಭೂಮಿ’ ಬೇರೂರಲು ಈ ಮಾತುಗಳೂ ಯಂತ್ರದಷ್ಟೇ ಕಾರಣ.

ಇನ್ನೂ ಹಿಂದಕ್ಕೆ ಹೋದರೆ ಇದೇ ಬಗೆಯ ಮತ್ತೊಂದು ನಿದರ್ಶನ ಸಿಗುತ್ತದೆ. ಮೈಸೂರು ಸೀಮೆಯಲ್ಲಿ ಆಧುನಿಕ ಕಂದಾಯ ಭೂಮಾಪನ 1863ರಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಆಲದಮರದ ಹೊಲ, ಕಟ್ಟೆ ಹಿಂದಲ ಗದ್ದೆ ಎಂಬಂತೆ ಗುರುತಿಸುತ್ತಿದ್ದ ಜಮೀನುಗಳಿಗೆ ಸರ್ವೆ ನಂಬರು ಬಂತು. ಅದು ಪರಕೀಯ ಪದ, ಪರಕೀಯ ಪದ್ಧತಿ. ಆದರೂ ಇಂದು ತನ್ನ ಜಮೀನಿನ ಸರ್ವೆ ನಂಬರು ಗೊತ್ತಿಲ್ಲದ ರೈತನನ್ನು ಹುಡುಕಬೇಕು. ಒಂದೂವರೆ ಶತಮಾನದಲ್ಲಿ ಯಾವ ಸರ್ಕಾರವೂ ಆ ಹೆಸರನ್ನು ಬದಲಿಸುವ ಗೋಜಿಗೆ ಹೋಗದಿದ್ದುದೇ ಇದಕ್ಕೆ ಕಾರಣ. ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಎಷ್ಟು ಕಾಲ ಅಲುಗದೆ ನಿಂತಿತು ಎಂಬುದು ಮುಖ್ಯ.

‘ಭೂಮಿ’ಯ ಜೊತೆಗೂ ಅದರ ಅನಂತರವೂ ಬಂದ ಕೆಲವು ಹೆಸರುಗಳು ಇದೇ ಜಾಡಿನವು. ಖಜಾನೆ ಇಲಾಖೆಯ ತಂತ್ರಾಂಶ ‘ಖಜಾನೆ’, ಭೂಮಾಪನ ಇಲಾಖೆಯದು ‘ಮೋಜಿಣಿ’. ಕೇಂದ್ರ ಸರ್ಕಾರದ್ದಾದರೂ ವಾಹನ ನೋಂದಣಿಗೆ ‘ವಾಹನ್’, ಚಾಲನಾ ಪರವಾನಗಿಗೆ ‘ಸಾರಥಿ’ ಎಂಬ ಹೆಸರುಗಳು ವಿವರಣೆಯನ್ನೇ ಕೇಳುವುದಿಲ್ಲ. ‘ಆಧಾರ್’ ಕೂಡ ಅಂಥದೇ. ಭಾರತದ ಹಲವು ಭಾಷೆಗಳಲ್ಲಿ ಒಂದೇ ಅರ್ಥ ಕೊಡುವ ಪದವನ್ನು ಆರಿಸಿದವರ ಜಾಣ್ಮೆಯನ್ನು ಮೆಚ್ಚಬೇಕು.

ಆಮೇಲೆ ಸಂಕ್ಷೇಪಗಳ ಚಟ ಅಂಟಿಕೊಂಡಿತು. ಮುದ್ರಾಂಕ ಮತ್ತು ನೋಂದಣಿ ಇಲಾಖೆ 2003ರಲ್ಲಿ ತಂದ ‘ಕಾವೇರಿ’ ಕೇಳಲು ಇಂಪಾದ ಹೆಸರು. ಆದರೆ ಅದು ಕರ್ನಾಟಕ ವ್ಯಾಲ್ಯುಯೇಷನ್ ಅಂಡ್ ಇ-ರಿಜಿಸ್ಟ್ರೇಷನ್ ಎಂಬುದರ ಕಿರುರೂಪ. ಮೊದಲು ನದಿಯನ್ನು ಆರಿಸಿ, ಅನಂತರ ಅದಕ್ಕೆ ಹೊಂದುವ ಇಂಗ್ಲಿಷ್ ಪದಗಳನ್ನು ಹುಡುಕಲಾಯಿತೇ ಎಂಬ ಅನುಮಾನ ಬರದಿರದು. ಕಾವೇರಿ ಎಂದರೆ ನದಿ. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಅಧಿಕೃತ ನಿವಾಸ. ಕರಕುಶಲ ವಸ್ತುಗಳ ಸರ್ಕಾರಿ ಮಳಿಗೆ. ಇವುಗಳ ನಡುವೆ ಕ್ರಯಪತ್ರದ ನೋಂದಣಿಯೂ ಅದೇ ಹೆಸರಿನಡಿ ಇದೆ ಎಂದು ಮಗಳ ಹೆಸರಿಗೆ ನಿವೇಶನ ಬರೆಸಲು ಹೊರಟ ಗೃಹಸ್ಥನಿಗೆ ಹೊಳೆಯುವುದಾದರೂ ಹೇಗೆ? 2023ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. 2025ರ ಆರಂಭದಲ್ಲಿ ಹೊರಗಿನ ದುರುದ್ದೇಶದ ದಾಳಿಯಿಂದ ಅದು ನಿಧಾನಗೊಂಡು ನೋಂದಣಿಗಳು ಸ್ಥಗಿತಗೊಂಡಾಗ, ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಕೇಳಿಬಂದ ಮಾತು ಎಂದಿನದೇ: ‘ಸರ್ವರ್ ಇಲ್ಲವಂತೆ.’

ಹೆಸರುಗಳ ಈ ಗೊಂದಲ ಪರಾಕಾಷ್ಠೆ ಮುಟ್ಟಿರುವುದು ಸೇವಾ ಕೇಂದ್ರಗಳಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಂಬ ಒಂದೇ ಕಾಗದದ ಪಯಣವನ್ನು ನೋಡಿ. ಸುಮಾರು 2006ರಿಂದ ಅದನ್ನು ಹೋಬಳಿ ಮಟ್ಟದ ‘ನೆಮ್ಮದಿ’ ಕೇಂದ್ರದಲ್ಲಿ ಕೊಡುತ್ತಿದ್ದರು. 2012ರ ಹೊತ್ತಿಗೆ ಖಾಸಗಿ ಸಹಭಾಗಿತ್ವ ಮುಗಿದು ಕೆಲಸ ನಾಡಕಚೇರಿಗೆ ಮರಳಿತು. ನಾಡಕಚೇರಿಗೆ ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ ಎಂಬ ಹೆಸರು ಬಂತು. ಮುಂದೆ ಗ್ರಾಮ ಪಂಚಾಯಿತಿಗಳಲ್ಲಿ ‘ಬಾಪೂಜಿ ಸೇವಾ ಕೇಂದ್ರ’ ತೆರೆಯಲಾಯಿತು. ಅಂತರ್ಜಾಲದಲ್ಲಿ ‘ಸೇವಾ ಸಿಂಧು’ ಬಂತು. ನಗರಗಳಲ್ಲಿ 2005ರ ‘ಬೆಂಗಳೂರು ಒನ್’ ಮಾದರಿಯಲ್ಲಿ ‘ಕರ್ನಾಟಕ ಒನ್’, 2022ರಲ್ಲಿ ಹಳ್ಳಿಗಳಿಗೆ ‘ಗ್ರಾಮ ಒನ್’ ಬಂದವು. ಒಬ್ಬ ಮುಖಂಡರ ನೆನಪು, ಇನ್ನೊಬ್ಬರ ಆದರ್ಶ, ಮತ್ತೊಂದು ಸರ್ಕಾರದ ಮುದ್ರೆ. ಹಿಂದಿನ ಹೆಸರು ಪೂರ್ತಿ ಅಳಿಯುವುದಿಲ್ಲ, ಹೊಸದು ಪೂರ್ತಿ ನೆಲೆಯೂರುವುದಿಲ್ಲ. ಹಳ್ಳಿಗರಲ್ಲಿ ಈಗಲೂ ‘ನೆಮ್ಮದಿ ಕೇಂದ್ರ’ ಎನ್ನುವವರಿದ್ದಾರೆ. ಆ ಹೆಸರಿನ ಯೋಜನೆ ಮುಗಿದು ಹತ್ತು ವರ್ಷಗಳ ಮೇಲಾಯಿತು.

ಈ ಖಾಲಿ ಜಾಗವನ್ನು ತುಂಬಿರುವವರು ಅಂಗಡಿಯವರು. ನಾನು ವಾಸಿಸುವ ತುಮಕೂರಿನ ಸದಾಶಿವನಗರದಲ್ಲಿಯೂ ಸುತ್ತಲಿನ ಬಡಾವಣೆಗಳಲ್ಲಿಯೂ ಜೆರಾಕ್ಸ್ ಅಂಗಡಿಗಳ ಮುಂದಿನ ಫಲಕಗಳನ್ನು ಓದಿದರೆ ಒಂದು ಸಂಗತಿ ತಿಳಿಯುತ್ತದೆ. ಅಲ್ಲಿ ‘ಕಾವೇರಿ’, ‘ಫ್ರೂಟ್ಸ್’, ‘ಸೇವಾ ಸಿಂಧು’ ಎಂದು ಬರೆದಿರುವುದು ಅಪರೂಪ. ಬರೆದಿರುವುದು ‘ಪಹಣಿ, ಇಸಿ, ಜಾತಿ-ಆದಾಯ, ಪ್ಯಾನ್ ಕಾರ್ಡ್, ರೇಷನ್ ಕಾರ್ಡ್ ತಿದ್ದುಪಡಿ’ ಎಂದು. ಗಿರಾಕಿ ಬಾಗಿಲಲ್ಲಿ ನಿಂತು ಯಾವ ಪದ ಉಚ್ಚರಿಸುತ್ತಾನೆಂಬುದು ಅಂಗಡಿಯವನಿಗೆ ಗೊತ್ತು, ಏಕೆಂದರೆ ಅವನ ದಿನದ ದುಡಿಮೆ ಅದರ ಮೇಲೆ ನಿಂತಿದೆ. ಅವನು ಪಡೆಯುವ ಐವತ್ತೋ ನೂರೋ ರೂಪಾಯಿಯಲ್ಲಿ ಬೆರಳಚ್ಚಿನ ಕೂಲಿ ಸ್ವಲ್ಪ. ಉಳಿದದ್ದು ಅನುವಾದದ ಕೂಲಿ. ಅವನನ್ನು ದಲ್ಲಾಳಿ ಎಂದು ಹಳಿಯುವುದು ಸುಲಭ. ಆದರೆ ಆ ಕಸುಬು ಹುಟ್ಟಿಕೊಂಡದ್ದು ಸರ್ಕಾರದ ಪರದೆಗೂ ಪ್ರಜೆಯ ಭಾಷೆಗೂ ನಡುವೆ ಇರುವ ಅಂತರದಲ್ಲಿ.

ಪರದೆಯ ಒಳಹೊಕ್ಕರೆ ಅಂತರ ಇನ್ನೂ ಹೆಚ್ಚುತ್ತದೆ. ಮುಖಪುಟದಲ್ಲಿ ಕನ್ನಡದ ಹೆಸರು, ಲಾಂಛನ, ಮಂತ್ರಿಗಳ ಭಾವಚಿತ್ರ ಇರುತ್ತವೆ. ಎರಡು ಪುಟ ದಾಟಿದೊಡನೆ ‘ಇನ್‌ವ್ಯಾಲಿಡ್ ಇನ್‌ಪುಟ್’, ‘ಸೆಷನ್ ಎಕ್ಸ್‌ಪೈರ್ಡ್’, ‘ನೇಮ್ ಮಿಸ್‌ಮ್ಯಾಚ್’. ಈ ಕೊನೆಯದನ್ನೇ ತೆಗೆದುಕೊಳ್ಳೋಣ. ಪಹಣಿಯಲ್ಲಿ ‘ತಿಮ್ಮಯ್ಯ ಬಿನ್ ರಂಗಯ್ಯ’ ಎಂದಿರುವಾತ ಆಧಾರ್‌ನಲ್ಲಿ ಆರ್. ತಿಮ್ಮಯ್ಯನಾಗಿಯೂ ಬ್ಯಾಂಕಿನಲ್ಲಿ ತಿಮ್ಮಯ್ಯ ಆರ್. ಆಗಿಯೂ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಕುಲನಾಮವೆಂಬುದು ಬಹುಪಾಲು ಹಳೆಯ ಮೈಸೂರಿನ ಮನೆಗಳಲ್ಲಿ ಇಲ್ಲವೇ ಇಲ್ಲ. ‘ಫಸ್ಟ್ ನೇಮ್’, ‘ಲಾಸ್ಟ್ ನೇಮ್’ ಎಂಬ ಎರಡು ಚೌಕಗಳಲ್ಲಿ ನಮ್ಮ ಹೆಸರುಗಳು ಕೂರುವುದಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆದಾಗ ಗ್ರಾಮ ಆಡಳಿತಾಧಿಕಾರಿಗಳು (ಹಿಂದಿನ ಗ್ರಾಮಲೆಕ್ಕಿಗರು, ಅದಕ್ಕೂ ಹಿಂದೆ ಆ ಕೆಲಸ ಶಾನುಭೋಗರದು, ಹುದ್ದೆಗಳ ಹೆಸರೂ ನಮ್ಮಲ್ಲಿ ನಿಲ್ಲುವುದಿಲ್ಲ) ಬಿಡಿಸಬೇಕಾದ ತೊಡಕುಗಳಲ್ಲಿ ಇದೂ ಒಂದು. ಊರಿನ ಹೆಸರಿನದೂ ಅದೇ ಕಥೆ. 2014ರ ನವೆಂಬರ್ 1ರಂದು ನಮ್ಮ ನಗರದ ಹೆಸರು ಇಂಗ್ಲಿಷಿನಲ್ಲಿಯೂ ತುಮಕೂರು ಎಂದಾಯಿತು. ಹಳೆಯ ದಾಖಲೆಗಳಲ್ಲಿ ಅದು ತುಮ್ಕೂರ್ ಆಗಿಯೇ ಉಳಿದಿದೆ. ಯಂತ್ರಕ್ಕೆ ಅವೆರಡು ಬೇರೆ ಬೇರೆ ಊರು. ಹೊಂದಾಣಿಕೆಯಾಗದ ಹೆಸರನ್ನು ಸರಿಪಡಿಸಲು ಯಾವ ದಾಖಲೆ ಬೇಕು, ಯಾವ ಕಚೇರಿಗೆ ಹೋಗಬೇಕು ಎಂದು ಆ ‘ಮಿಸ್‌ಮ್ಯಾಚ್’ ಎಂಬ ಪದ ಹೇಳುವುದಿಲ್ಲ. ಪಿಂಚಣಿಯೋ ಬೆಳೆ ಪರಿಹಾರವೋ ಆ ಒಂದು ಪದದ ಬಳಿ ತಿಂಗಳುಗಟ್ಟಲೆ ನಿಂತುಬಿಡುತ್ತದೆ.

ಎಲ್ಲವನ್ನೂ ಕನ್ನಡೀಕರಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯವಲ್ಲ. ಪಾಸ್‌ವರ್ಡಿಗೆ ‘ಗುಪ್ತಪದ’, ಲಾಗಿನ್‌ಗೆ ಇನ್ನೇನೋ ಎಂದು ಸಮಿತಿಯಲ್ಲಿ ಕುಳಿತು ಟಂಕಿಸಿದ ಪದಗಳು ಇಂಗ್ಲಿಷಿಗಿಂತ ದೂರದವು. ಮೊಬೈಲು, ಸರ್ವರು, ಓಟಿಪಿ ಇವೆಲ್ಲ ಈಗ ಸರ್ವೆ ನಂಬರಿನಷ್ಟೇ ಕನ್ನಡ, ಅವು ಇರಲಿ. ಕನ್ನಡದ ಗಣಕಲೋಕದಲ್ಲಿ ಗೆದ್ದ ಹೆಸರುಗಳೂ ಸರಳವಾದವೇ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎರಡೂ ಮಕ್ಕಳಿಗೂ ತಿಳಿಯುವ ಮಾತುಗಳು. ಆದರೆ ಅವುಗಳ ಇತಿಹಾಸದಲ್ಲೂ ಒಂದು ಪಾಠವಿದೆ. ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಕಾಣುತ್ತಿದ್ದುದು ಕನ್ನಡವಲ್ಲ, ಅರ್ಥವಿಲ್ಲದ ಚಿಹ್ನೆಗಳು. ಯುನಿಕೋಡ್ ಬಳಕೆ ವ್ಯಾಪಕವಾದ ಮೇಲಷ್ಟೇ ಒಳಗಿನ ಕನ್ನಡಕ್ಕೆ ಭದ್ರತೆ ಬಂತು.

ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿದ್ದೇವೆ. ಸರ್ಕಾರ ತನ್ನದೇ ತಂತ್ರಾಂಶಗಳ ಒಳಪುಟಗಳಿಗೆ, ದೋಷ ಸೂಚನೆಗಳಿಗೆ, ಮೊಬೈಲಿಗೆ ಬರುವ ಸಂದೇಶಗಳಿಗೆ ಇದೇ ಅಳತೆಗೋಲನ್ನು ಹಿಡಿದು ನೋಡಲಿ. ‘ಸಕಾಲ’ ಇದಕ್ಕೆ ಹತ್ತಿರ ಬಂದಿತ್ತು. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಯಾದ ಆ ಯೋಜನೆಯ ಹೆಸರಿನಲ್ಲೇ ಅದರ ಕರಾರು ಅಡಗಿತ್ತು. ಹದಿನೈದು ಅಂಕಿಯ ಸ್ವೀಕೃತಿ ಸಂಖ್ಯೆ ಅರ್ಜಿದಾರನ ಕೈಯಲ್ಲಿರುತ್ತಿತ್ತು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇತ್ತು. ಆ ಕಾನೂನು ಈಗಲೂ ಜಾರಿಯಲ್ಲಿದೆ. ‘ನೇಮ್ ಮಿಸ್‌ಮ್ಯಾಚ್’ ಎಂದು ಅರ್ಜಿಯನ್ನು ತಳ್ಳಿಹಾಕುವ ತಂತ್ರಾಂಶ, ‘ಪಹಣಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಹೊಂದುತ್ತಿಲ್ಲ, ಇಂಥ ದಾಖಲೆಯೊಂದಿಗೆ ನಿಮ್ಮ ನಾಡಕಚೇರಿಗೆ ಹೋಗಿ’ ಎಂದು ಹೇಳುವಂತೆ ಮಾಡಲು ಹೊಸ ಸರ್ವರ್ ಬೇಕಿಲ್ಲ, ಜಾಗತಿಕ ಟೆಂಡರ್ ಬೇಕಿಲ್ಲ. ಇಲಾಖೆಯ ಮುಖ್ಯಸ್ಥರ ಒಂದು ಸುತ್ತೋಲೆ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹತ್ತಾರು ವರ್ಷ ಕುಳಿತು ಜನರ ಮಾತು ಕೇಳಿದ ನಾಲ್ಕಾರು ಗುಮಾಸ್ತರು, ಒಂದು ತಿಂಗಳ ಕೆಲಸ. ಹೊಸ ತಂತ್ರಾಂಶಕ್ಕೆ ಹೆಸರಿಡುವ ಮುನ್ನವೂ ಅವರನ್ನೇ ಕೇಳಬಹುದು.