ಕೀಲಿ ನಮ್ಮ ಕೈಯಲ್ಲಿದ್ದರೆ ಲೆಕ್ಕವೂ ನಮ್ಮದೇ

ವಿಟ್ಲ ಪೇಟೆಯ ವರ್ತಕರೊಬ್ಬರು ತಮ್ಮ ಮೊಬೈಲಿನ ವ್ಯಾಲೆಟ್‌ನಲ್ಲಿದ್ದ ಯುಎಸ್‌ಡಿಟಿ ಎಂಬ ಕ್ರಿಪ್ಟೋ ನಾಣ್ಯವನ್ನು ಅಪರಿಚಿತನೊಬ್ಬನಿಗೆ ನೇರವಾಗಿ ಮಾರಿದರು. ಹಣ ಅಂಗಡಿಯ ಚಾಲ್ತಿ ಖಾತೆಗೇ ಬಂತು. ಮೂರು ವಾರಗಳ ಬಳಿಕ, ಹೊರರಾಜ್ಯದ ಸೈಬರ್ ಪೊಲೀಸರ ಸೂಚನೆಯಂತೆ ಬ್ಯಾಂಕು ಆ ಖಾತೆಯನ್ನೇ ತಡೆಹಿಡಿಯಿತು. ಕೊಂಡವನು ಕೊಟ್ಟದ್ದು ಯಾರನ್ನೋ ವಂಚಿಸಿ ಪಡೆದ ಹಣವಾಗಿತ್ತು. ಅಡಿಕೆ ತಂದ ಕೃಷಿಕರಿಗೆ ಕೊಟ್ಟ ಚೆಕ್ಕುಗಳು ಹಿಂದಿರುಗಿದಾಗ ಅವರು ನನ್ನಲ್ಲಿಗೆ ಬಂದರು. “ಅದು ನನ್ನ ಸ್ವಂತ ವ್ಯಾಲೆಟ್ ಸ್ವಾಮೀ, ಅದಕ್ಕೆ ಯಾವ ಕಾನೂನು?” ಎಂಬುದು ಅವರ ಪ್ರಶ್ನೆ.

ವಿನಿಮಯ ಕೇಂದ್ರದಲ್ಲಿ ನಾಣ್ಯವಿಟ್ಟರೆ ಅದರ ಕೀಲಿ ಆ ಸಂಸ್ಥೆಯ ಬಳಿ ಇರುತ್ತದೆ. ಸ್ವಂತ ವ್ಯಾಲೆಟ್‌ನಲ್ಲಿ ಖಾಸಗಿ ಕೀಲಿ ನಮ್ಮದೇ. ಅದನ್ನು ಮರಳಿ ಪಡೆಯಲು ಇರುವುದು 12 ಅಥವಾ 24 ಇಂಗ್ಲಿಷ್ ಪದಗಳ ಒಂದು ಸಾಲು ಮಾತ್ರ. 2024ರ ಜುಲೈ 18ರಂದು ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾದ ಮೇಲೆ ಅನೇಕರು ಸ್ವಂತ ವ್ಯಾಲೆಟ್‌ಗೆ ಮೊರೆಹೋದರು. ಅದು ಸಹಜವೇ. ಕೀಲಿ ಇಲ್ಲದವನಿಗೆ ನಾಣ್ಯವೂ ಇಲ್ಲ ಎಂಬುದನ್ನು ನಮ್ಮ ರಾಜ್ಯದ ಪೊಲೀಸರೂ ಅನುಭವದಿಂದಲೇ ಕಲಿತರು. 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಹ್ಯಾಕಿಂಗ್ ಪ್ರಕರಣವೊಂದರಲ್ಲಿ ಸುಮಾರು 9 ಕೋಟಿ ರೂ. ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡುದಾಗಿ ಪ್ರಕಟಿಸಿದ್ದರು. ಆ ವ್ಯಾಲೆಟ್ ಆರೋಪಿಯದಲ್ಲ, ವಿನಿಮಯ ಕೇಂದ್ರವೊಂದರದು, ಅದರ ಖಾಸಗಿ ಕೀಲಿ ಆತನಲ್ಲಿ ಇರಲಿಲ್ಲ ಎಂದು ಅದೇ ವರ್ಷ ನವೆಂಬರ್‌ನಲ್ಲಿ ಅವರೇ ವಿವರಿಸಬೇಕಾಯಿತು.

ಇನ್ನು ಕಾನೂನಿನ ಮಾತು. 2023ರ ಮಾರ್ಚ್ 7ರ ಅಧಿಸೂಚನೆಯು ಇತರರ ಪರವಾಗಿ ಇಂಥ ವ್ಯವಹಾರ ನಡೆಸುವ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು. ತನ್ನದೇ ನಾಣ್ಯ ಕಾಯ್ದುಕೊಂಡಿರುವ ವ್ಯಕ್ತಿಗೆ ಆ ನೋಂದಣಿಯ ಹೊಣೆ ಇಲ್ಲ. ಇಷ್ಟರಿಂದಲೇ ತೆರಿಗೆಯೂ ಇಲ್ಲವೆಂದು ಭಾವಿಸುವುದು ತಪ್ಪು. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30 ತೆರಿಗೆ ಇದೆ. ಅದೇ ವರ್ಷದ ಜುಲೈ 1ರಿಂದ ಕೊಳ್ಳುವವನು ಶೇ. 1 ಮೂಲದಲ್ಲೇ ಕಡಿತ ಮಾಡಬೇಕು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲೂ ಇವು ಉಳಿದಿವೆ.

ವಿನಿಮಯ ಕೇಂದ್ರದಲ್ಲಿ ಈ ಕಡಿತವನ್ನು ಕೇಂದ್ರವೇ ಮಾಡುತ್ತದೆ. ನೇರ ವ್ಯವಹಾರದಲ್ಲಿ ಮಾಡಬೇಕಾದವರು ನಾವು. ಹಿಂದಿನ ವರ್ಷದ ವಹಿವಾಟು 1 ಕೋಟಿ ರೂ. ಮೀರಿದ ವರ್ತಕನಿಗೆ ಇರುವ ವಿನಾಯಿತಿ ವರ್ಷಕ್ಕೆ ಕೇವಲ 10,000 ರೂ. ಸಣ್ಣವರಿಗೆ 50,000 ರೂ. ಇಲ್ಲೇ ನಮ್ಮವರು ಎಡವುವುದು. ಸರಕು ಕೊಟ್ಟು ಬದಲಿಗೆ ಯುಎಸ್‌ಡಿಟಿ ಪಡೆದ ವ್ಯಾಪಾರಿಯೂ ಕಾನೂನಿನ ದೃಷ್ಟಿಯಲ್ಲಿ ನಾಣ್ಯ ಕೊಂಡವನೇ. ಸರಕು ಬಿಟ್ಟುಕೊಡುವ ಮೊದಲು ತೆರಿಗೆ ಪಾವತಿಯಾಗಿದೆಯೆಂದು ಖಚಿತಪಡಿಸಿಕೊಳ್ಳುವುದು ಅವನ ಹೊಣೆ. ಗಲ್ಫ್‌ಗೆ ಸರಕು ಕಳಿಸಿ ಬೆಲೆಯನ್ನು ಹೀಗೆ ಪಡೆಯುವುದಂತೂ ಬೇಡವೇ ಬೇಡ. ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ಬರಬೇಕು.

ತನ್ನದೇ ಒಂದು ವ್ಯಾಲೆಟ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ತೆರಿಗೆ ಇಲ್ಲ. ಆದರೆ ಮಾರುವ ದಿನ ಖರೀದಿ ಬೆಲೆಯನ್ನು ರುಜುವಾತು ಮಾಡಬೇಕಾದವರು ನಾವೇ. ದಿನಾಂಕ, ದರ, ವ್ಯವಹಾರದ ಗುರುತು ಸಂಖ್ಯೆಗಳನ್ನು ದಿನವಹಿಯಲ್ಲಿ ಬರೆದಿಡದವನಿಗೆ ಅದು ಸಾಧ್ಯವೇ? ಪಾಲುದಾರಿಕೆ ಸಂಸ್ಥೆಯ ಹಣದಿಂದ ಕೊಂಡ ನಾಣ್ಯ ಒಬ್ಬ ಪಾಲುದಾರನ ಮೊಬೈಲಿನಲ್ಲಿ ಕುಳಿತಿರುವುದನ್ನೂ ನಾನು ಕಂಡಿದ್ದೇನೆ. ಆತ ತೀರಿಕೊಂಡರೆ ಗತಿಯೇನು? ಇಲ್ಲಿ ನಾಮನಿರ್ದೇಶನವಿಲ್ಲ. ನ್ಯಾಯಾಲಯದ ವಾರಸಾ ಪ್ರಮಾಣಪತ್ರದಿಂದಲೂ ಈ ಬೀಗ ತೆರೆಯದು. ಆ ಪದಗಳನ್ನು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿಡದೆ ಕಾಗದದಲ್ಲಿ ಬರೆದು, ಜಮೀನಿನ ದಾಖಲೆಗಳಂತೆ ಕಪಾಟಿನಲ್ಲಿಟ್ಟು, ನಂಬಿಕಸ್ಥರೊಬ್ಬರಿಗೆ ತಿಳಿಸಿರಬೇಕು. ಸಹಾಯದ ನೆಪದಲ್ಲಿ ಅವನ್ನು ಕೇಳುವವನು ಕಳ್ಳನೇ.

ಒಂದು ಅನ್ಯಾಯವನ್ನು ಮಾತ್ರ ಹೇಳಲೇಬೇಕು. ಅಂಗಡಿಯ ದಾಸ್ತಾನು ಕಳವಾದರೆ ವ್ಯಾಪಾರದ ನಷ್ಟವೆಂದು ತೋರಿಸಬಹುದು. ಇಲ್ಲಿ ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಅವಕಾಶವಿಲ್ಲ. ತೆರಿಗೆಯ ದರಕ್ಕೆ ನನ್ನ ತಕರಾರಿಲ್ಲ. ಲಾಭದಲ್ಲಿ ಪಾಲು ಕೇಳುವ ಸರಕಾರ ನಷ್ಟಕ್ಕೆ ಬೆನ್ನು ತಿರುಗಿಸುವುದಕ್ಕಿದೆ. ಮುಂದಿನ ಮುಂಗಡಪತ್ರಕ್ಕೆ ಮೊದಲು ನಮ್ಮ ಸಂಸ್ಥೆ ಹಣಕಾಸು ಸಚಿವಾಲಯಕ್ಕೆ ಈ ಬಗ್ಗೆ ಮನವಿ ಸಲ್ಲಿಸುವುದು ಒಳ್ಳೆಯದು.

ವಿಟ್ಲದ ಆ ವರ್ತಕರ ಖಾತೆ ಕೊನೆಗೆ ತೆರೆಯಿತು. ವಿವಾದದ ಮೊತ್ತ ಮಾತ್ರ ಇನ್ನೂ ಬ್ಯಾಂಕಿನಲ್ಲೇ ತಡೆಯಲ್ಪಟ್ಟಿದೆ. ಕೊಂಡವನೊಡನೆ ನಡೆದ ಮಾತುಕತೆಯ ದಾಖಲೆಯನ್ನು ಪೊಲೀಸರು ಕೇಳಿದರು. ಅದಿದ್ದ ಹಳೆಯ ಫೋನನ್ನು ಅವರು ಅಷ್ಟರಲ್ಲಿ ಮಾರಿಬಿಟ್ಟಿದ್ದರು.